ವಿಸಿವಿ ರ‍್ಯಾಕ್ 2: ಎಲ್‌ಎಫ್‌ಓ ಜಾಗಕ್ಕೆ ಇನ್ನೊಂದು ಆಸಿಲೇಟರ್

2021ರ ಕೊನೆಯಲ್ಲಿ ಬಂದಾಗಿನಿಂದ ವಿಸಿವಿ ರ‍್ಯಾಕ್ 2 ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಯೂರೋರ‍್ಯಾಕ್ ಎಂಬ ಮಾದರಿಯ ಸಿಂಥಸೈಜರ್ ಮಾಡ್ಯೂಲ್‌ಗಳನ್ನು ಪರದೆ ಮೇಲೇ ಕೇಬಲ್ ಎಳೆದು ಜೋಡಿಸುವ ಸಾಫ್ಟ್‌ವೇರ್ ಇದು. ಪ್ರೊ ಆವೃತ್ತಿಗೆ ದುಡ್ಡು ಕೊಡಬೇಕು, ನಾನು ಬಳಸೋದು ಉಚಿತದ್ದು. ಇಲ್ಲಿ ಹೇಳುವುದು ಒಂದೇ ಕೆಲಸದ ಬಗ್ಗೆ: ಒಂದು ಆಸಿಲೇಟರ್‌ನಿಂದ (ಅಲೆ ಹುಟ್ಟಿಸುವ ಮಾಡ್ಯೂಲ್) ಇನ್ನೊಂದನ್ನು ಮಾಡ್ಯುಲೇಟ್ ಮಾಡುವುದು, ಅಂದರೆ ಅಲುಗಿಸುವುದು.

ಎಲ್‌ಎಫ್‌ಓ, ಅಂದರೆ ಕಿವಿಗೆ ಕೇಳದಷ್ಟು ನಿಧಾನವಾದ ಆಸಿಲೇಟರ್, ಸೆಕೆಂಡಿಗೆ ಐದಾರು ಸಲ ಪಿಚ್ ಅಲುಗಿಸಿದರೆ ವೈಬ್ರಾಟೋ. ವೇಗ 20 ಹರ್ಟ್ಸ್ ದಾಟಿ ಮೇಲೇರಿದಂತೆ ಅಲುಗಾಟ ಕೇಳಿಸುವುದಿಲ್ಲ, ನಾದದ ಬಣ್ಣವೇ ಬದಲಾಗುತ್ತದೆ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತಗಾರ ಜಾನ್ ಚೌನಿಂಗ್ ಕಂಡುಕೊಂಡಿದ್ದು ಇದನ್ನೇ, ಹೆಸರು ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್). 1983ರ ಯಮಹಾ ಡಿಎಕ್ಸ್7 ಸಿಂಥಸೈಜರ್ ನಿಂತಿರುವುದೂ ಇದರ ಮೇಲೇ.

ಚೌನಿಂಗ್ ಅವರ ಗಂಟೆ ಸದ್ದನ್ನು ನೀವೇ ಮಾಡಿ ನೋಡಿ. ಒಂದು ಸೈನ್ ಅಲೆ 200 ಹರ್ಟ್ಸ್, ಅದನ್ನು ಅಲುಗಿಸುವ ಸೈನ್ 280. ನಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಅಂಕಿ ಟೈಪ್ ಮಾಡಿದರೆ ಸಾಕು. 200ಕ್ಕೆ 280 ಕೂಡಿದರೆ 480, ಕಳೆದರೆ 80 (ಮೈನಸ್ ಗುರುತು ಬಿಟ್ಟುಬಿಡಿ). ಇನ್ನೊಂದು ಸಲ ಕೂಡಿ ಕಳೆದರೆ 760 ಮತ್ತು 360. ಆಳ, ಅಂದರೆ ಅಲುಗಿಸುವ ಪ್ರಮಾಣ, ಹೆಚ್ಚಿಸಿದಷ್ಟೂ ಇಂಥ ಹೊಸ ಸ್ವರಾಂಶಗಳು ಹೆಚ್ಚುತ್ತವೆ. ಅದೇ 280ರ ಬದಲು 400 ಹಾಕಿ, ಎಲ್ಲವೂ 200ರ ಗುಣಕಗಳಾಗಿ ಸದ್ದು ಶ್ರುತಿಗೆ ಬರುತ್ತದೆ.

ರ‍್ಯಾಕ್ ಜೊತೆ ಬರುವ ವಿಸಿಓದ (ವೋಲ್ಟೇಜಿಗೆ ತಕ್ಕಂತೆ ಪಿಚ್ ಬದಲಿಸುವ ಆಸಿಲೇಟರ್) ಎಫ್‌ಎಂ ಸಾಮಾನ್ಯವಾಗಿ ಎಕ್ಸ್‌ಪೊನೆನ್ಷಿಯಲ್. ಒಂದು ವೋಲ್ಟ್ ಏರಿದರೆ 200 ಹೋಗಿ 400, ಇಳಿದರೆ 100. ಮೇಲೆ 200ರ ಜಿಗಿತ, ಕೆಳಗೆ 100ರದ್ದು. ಹಾಗಾಗಿ ಆಳ ಹೆಚ್ಚಿಸಿದಂತೆ ಶ್ರುತಿ ಮೇಲಕ್ಕೆ ಜಾರುತ್ತದೆ. ತಾಳವಾದ್ಯದಂಥ ಸದ್ದಿಗೆ ಪರವಾಗಿಲ್ಲ, ರಾಗ ನುಡಿಸಬೇಕೆಂದರೆ ಮೇಲೂ ಕೆಳಗೂ ಸಮನಾಗಿ ಜಿಗಿಯುವ ಲೀನಿಯರ್ ಮೋಡ್ ಬೇಕೇ ಬೇಕು. ನಾನಂತೂ ಬೋಗಾಡಿಯೋ ಎಂಬ ಮಾಡ್ಯೂಲ್ ಸಂಗ್ರಹದ ಉಚಿತ ವಿಸಿಓ ಹಾಕಿಕೊಂಡಿದ್ದೇನೆ. ಅದರ ಲೀನಿಯರ್ ಎಫ್‌ಎಂ ಸೊನ್ನೆ ಹರ್ಟ್ಸ್ ದಾಟಿ ಹಿಮ್ಮುಖವಾಗಿಯೂ ಓಡುತ್ತದೆ, ಆಳ ಹೆಚ್ಚಿಸಿದರೂ ಶ್ರುತಿ ಕದಲುವುದಿಲ್ಲ.

ಕೊರತೆ ಇಲ್ಲವೇ? ಇದೆ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದಿನ ಲೆಕ್ಕ ಹಾಕಬೇಕೆಂಬುದು) 48 ಕಿಲೋಹರ್ಟ್ಸ್ ಇಟ್ಟು ಓಡಿಸಿದರೆ 24 ಕಿಲೋಹರ್ಟ್ಸ್ ಮೀರಿದ್ದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತದೆ. ಆಳವಾದ ಎಫ್‌ಎಂನಲ್ಲಿ ಆ ಮರಳು ಮರಳಾದ ಗಲಾಟೆ ಚೆನ್ನಾಗಿಯೇ ಕೇಳಿಸುತ್ತದೆ. ಎಂಜಿನ್ ಮೆನುವಿನಲ್ಲಿ ಸ್ಯಾಂಪಲ್ ರೇಟ್ ಏರಿಸಿದರೆ ಕಮ್ಮಿಯಾಗುತ್ತದೆ, ಆದರೆ ಲ್ಯಾಪ್‌ಟಾಪ್ ಫ್ಯಾನ್ ಕಿರುಚಲು ಶುರು. ಪ್ರತಿ ಕೇಬಲ್‌ಗೂ ಒಂದು ಸ್ಯಾಂಪಲ್ ವಿಳಂಬ ಇರುವುದರಿಂದ, ಆಸಿಲೇಟರ್‌ನ ಔಟ್‌ಪುಟ್ ಅದಕ್ಕೇ ವಾಪಸ್ ಕೊಟ್ಟರೆ ಅನಲಾಗ್ ಮಾಡ್ಯೂಲ್‌ನ ಹಾಗೆ ಬರುವುದಿಲ್ಲ. ಬರುವುದು ಕೆಟ್ಟದ್ದೇನಲ್ಲ, ಬೇರೆ ಅಷ್ಟೆ.

ನಾನು ಜಾಸ್ತಿ ಬಳಸೋದು ಪಿಚ್ ಬಿಟ್ಟು ಫಿಲ್ಟರ್ ಮೇಲೆ. ಕಟಾಫ್‌ಗೆ (ಫಿಲ್ಟರ್ ಸದ್ದನ್ನು ಕತ್ತರಿಸಲು ಶುರುಮಾಡುವ ಜಾಗ) ಆಡಿಯೋ ವೇಗದ ಸೈನ್ ಒಂಚೂರು ಕೊಟ್ಟರೆ ಸಪ್ಪೆ ಸಾ-ಟೂತ್ ಅಲೆಗೂ ಒರಟು ಅಂಚು ಬರುತ್ತದೆ. ಮಾಡ್ಯುಲೇಷನ್ ನೇರವಾಗಿ ಕೊಡಬೇಡಿ, ನಡುವೆ ಒಂದು ವಿಸಿಎ (ವೋಲ್ಟೇಜಿಗೆ ತಕ್ಕಂತೆ ಪ್ರಮಾಣ ಹೆಚ್ಚು ಕಮ್ಮಿ ಮಾಡುವ ಮಾಡ್ಯೂಲ್) ಇಟ್ಟು ಎನ್ವಲಪ್‌ನಿಂದ (ಪ್ರತಿ ಸ್ವರಕ್ಕೂ ಏರಿ ಇಳಿಯುವ ವೋಲ್ಟೇಜ್) ತೆರೆಯಿರಿ. ಆಗ ಮೀಟಿದ ಕ್ಷಣಕ್ಕೆ ಚುರುಕು, ಆಮೇಲೆ ಮೃದು. ಸುಮ್ನೆ ಬಿಟ್ಟರೆ ಒಂದೇ ಸಮನೆ ಗೊರಗೊರ.

ಮೌಸ್‌ನಲ್ಲಿ ನುಡಿಸೋದು ಬೇಜಾರು, ಹಾಗಾಗಿ ಮಿಡಿ ಕಂಟ್ರೋಲರ್ (ಕಂಪ್ಯೂಟರ್‌ಗೆ ಜೋಡಿಸುವ ಕೀಲಿ, ನಾಬ್‌ಗಳ ಪೆಟ್ಟಿಗೆ) ಬೇಕಾಗುತ್ತದೆ. ಆದರೆ ಸಾಮಾನ್ಯ ಮಿಡಿ ನಾಬ್‌ಗೆ ಇರುವುದು 128 ಮೆಟ್ಟಿಲು. ಎರಡು ಆಸಿಲೇಟರ್‌ಗಳ ಅನುಪಾತಕ್ಕೆ ಅದು ಸಾಲದು, ಮಧ್ಯದ ಅಂಕಿಗಳು ತಪ್ಪಿಹೋಗುತ್ತವೆ. ಅನುಪಾತ ಟೈಪ್ ಮಾಡಿಬಿಡಿ, ನಾಬ್ ಅನ್ನು ಆಳಕ್ಕೆ ಕೊಡಿ.