ಅಮೆರಿಕದ ಅಧ್ಯಕ್ಷರ ಡಾಲರ್ ನಾಣ್ಯಗಳು: ನಾಣ್ಯಗಳು ಚೆನ್ನಾಗಿವೆ, ಆಲ್ಬಮ್ ಸರಿಯಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಹಳೆಯ ನಾಣ್ಯಗಳನ್ನು ಮಾರುವ ಒಂದು ಸಣ್ಣ ಅಂಗಡಿಯಿಂದ, ಅಮೆರಿಕದ ಗತಿಸಿದ ಅಧ್ಯಕ್ಷರ ಸ್ಮರಣೆಗಾಗಿ ಹೊರಬಂದ ಒಂದು ಡಾಲರ್ ನಾಣ್ಯಗಳ ಸಂಗ್ರಹವನ್ನು ಆಲ್ಬಮ್ ಸಮೇತ 7,500 ರೂಪಾಯಿಗೆ ಕೊಂಡು ಮೂರು ತಿಂಗಳಾಯಿತು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ, ಚಾರ್‌ಮಿನಾರ್ ಚಿತ್ರವುಳ್ಳ ನಿಜಾಮರ ಕಾಲದ ರೂಪಾಯಿಗಳನ್ನು ನೋಡುತ್ತಾ ಬೆಳೆದ ನನಗೆ, ಅರಸನ ಬದಲು ಜನರು ಆರಿಸಿದವರು ಒಬ್ಬರ ಹಿಂದೊಬ್ಬರಂತೆ ನಾಣ್ಯಕ್ಕೇರುವ ಈ ಸರಣಿಯ ಮೇಲೆ ಬಹಳ ದಿನಗಳಿಂದ ಆಸೆಯಿತ್ತು.

2007ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರಿಂದ ಮೊದಲಾದ ಸರಣಿಯು ವರ್ಷಕ್ಕೆ ನಾಲ್ವರಂತೆ ಸಾಗಿ, 2016ರಲ್ಲಿ ರೊನಾಲ್ಡ್ ರೇಗನ್ ಅವರವರೆಗೆ 39 ನಾಣ್ಯಗಳನ್ನು ಕಂಡಿತು. ನಿಧನರಾಗಿ ಕನಿಷ್ಠ 2 ವರ್ಷ ಕಳೆದವರಿಗೆ ಮಾತ್ರ ಈ ಗೌರವ ಸಲ್ಲುತ್ತಿದ್ದುದರಿಂದ ಆಗ ಬದುಕಿದ್ದ ಜಿಮ್ಮಿ ಕಾರ್ಟರ್ ಇದರಲ್ಲಿಲ್ಲ. ಒಳಗೆ ತಾಮ್ರ, ಹೊರಗೆ ಮ್ಯಾಂಗನೀಸ್ ಬೆರೆತ ಹಿತ್ತಾಳೆ; ಅಡ್ಡಳತೆ 26.5 ಮಿಲಿಮೀಟರ್, ತೂಕ 8.1 ಗ್ರಾಂ. ಹಿಮ್ಮುಖದಲ್ಲಿ ಎಲ್ಲಕ್ಕೂ ಸ್ವಾತಂತ್ರ್ಯ ದೇವಿಯ ಪ್ರತಿಮೆಯೇ ಇದೆ.

ಈ ನಾಣ್ಯದ ನಿಜವಾದ ಸೊಗಸು ಇರುವುದು ಅಂಚಿನಲ್ಲಿ. ಮುಖಭಾಗದ ಚಿತ್ರಕ್ಕೆ ಜಾಗ ಬಿಡಲೆಂದು ವರ್ಷವನ್ನೂ ಟಂಕಸಾಲೆಯ ಗುರುತನ್ನೂ ಅಂಚಿನ ಮೇಲೆ ಕೆತ್ತಲಾಗಿದೆ. ನಾಣ್ಯವನ್ನು ಬೆರಳುಗಳ ನಡುವೆ ಹಿಡಿದು ಕಿಟಕಿಯ ಬೆಳಕಿನಲ್ಲಿ ಮೆಲ್ಲಗೆ ತಿರುಗಿಸಿದರೆ ವರ್ಷ ಕಾಣುತ್ತದೆ, ಅದರ ಬಳಿಯಲ್ಲೇ ಫಿಲಡೆಲ್ಫಿಯಾದ ‘ಪಿ’ ಅಥವಾ ಡೆನ್ವರಿನ ‘ಡಿ’ ಕಾಣುತ್ತದೆ. ಅಂಚಿನ ಅಕ್ಷರಗಳನ್ನು ಬೇರೆ ಯಂತ್ರದಲ್ಲಿ ಒತ್ತುತ್ತಿದ್ದುದರಿಂದ ಕೆಲವು ನಾಣ್ಯಗಳಲ್ಲಿ ಅವು ನೇರವಾಗಿಯೂ ಕೆಲವುಗಳಲ್ಲಿ ತಲೆಕೆಳಗಾಗಿಯೂ ಇವೆ. 2007ರ ವಾಷಿಂಗ್ಟನ್ ನಾಣ್ಯಗಳಲ್ಲಿ ಕೆಲವು ಆ ಯಂತ್ರಕ್ಕೆ ಹೋಗದೆಯೇ ಹೊರಬಿದ್ದು, ಬರಿಯ ಅಂಚಿನಿಂದಾಗಿಯೇ ಸಂಗ್ರಾಹಕರ ಕಣ್ಣಿಗೆ ಬಿದ್ದವು.

ಹೀಗಿರುವಾಗ ಈ ಆಲ್ಬಮ್ ಮಾಡಿದ್ದೇನು? ದಪ್ಪ ರಟ್ಟಿನಲ್ಲಿ ಕೊರೆದ ರಂಧ್ರಗಳಿಗೆ ನಾಣ್ಯಗಳನ್ನು ಒತ್ತಿ ಕೂರಿಸುವ ಬಗೆಯದು ಇದಾದ್ದರಿಂದ ಅಂಚು ಪೂರ್ತಿ ಮುಚ್ಚಿಹೋಗುತ್ತದೆ. ವರ್ಷ ಓದಬೇಕೆಂದರೆ ನಾಣ್ಯವನ್ನು ಉಗುರಿನಿಂದ ಮೀಟಿ ತೆಗೆಯಬೇಕು. ಹಾಗೆ ತೆಗೆದು ಇಟ್ಟಿದ್ದರಿಂದ ನನ್ನ ಲಿಂಕನ್ ನಾಣ್ಯದ ಕೆನ್ನೆಯ ಮೇಲೆ ಬೆರಳಿನ ಕಂದು ಗುರುತು ಉಳಿದುಬಿಟ್ಟಿದೆ. ರಟ್ಟು ಗಟ್ಟಿಯಾಗಿದೆ, ಮುದ್ರಣವೂ ಅಂದವಾಗಿದೆ, ಆದರೆ ಈ ಸರಣಿಗೆ ಇದು ತಕ್ಕುದಲ್ಲ. ಒಂದೊಂದು ನಾಣ್ಯಕ್ಕೂ 26.5 ಮಿಲಿಮೀಟರಿನ ಪಾರದರ್ಶಕ ಗಟ್ಟಿ ಡಬ್ಬಿ ಕೊಳ್ಳುವುದೇ ಮೇಲು. ಅಗ್ಗದ ಮೆತ್ತನೆಯ ಪಿವಿಸಿ ಚೀಲಗಳಂತೂ ಬೇಡವೇ ಬೇಡ, ಅವು ತಾಮ್ರದ ಮಿಶ್ರಲೋಹಕ್ಕೆ ಹಸಿರು ಜಿಡ್ಡು ತರುತ್ತವೆ.

ಅಂಗಡಿಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಮನೆಗೆ ಬಂದು ಎಣಿಸಿದಾಗ 38 ನಾಣ್ಯಗಳೇ ಇದ್ದವು, 24ನೆಯ ರಂಧ್ರ ಖಾಲಿ. ಗ್ರೋವರ್ ಕ್ಲೀವ್‌ಲ್ಯಾಂಡ್ 22ನೆಯ ಮತ್ತು 24ನೆಯ ಅಧ್ಯಕ್ಷರಾಗಿ ನಡುವೆ ನಾಲ್ಕು ವರ್ಷ ಬಿಟ್ಟು ಎರಡು ಸಲ ಆಳಿದ್ದರಿಂದ 2012ರಲ್ಲಿ ಅವರಿಗೆ ಎರಡು ಬೇರೆ ಬೇರೆ ನಾಣ್ಯಗಳು ಬಂದಿದ್ದವು. “ಒಂದೇ ನಾಣ್ಯ ಎರಡು ಸಲ ಬಂದದ ಅಂತ ತಿಳಿದು ಒಂದು ತೆಗೆದಿಟ್ಟೀನ್ರಿ ಸರ್” ಎಂದ ಮಾಲೀಕರು, ಹೆಸರಿನ ಕೆಳಗಿನ ಅಂಕಿಯನ್ನು ನಾನು ತೋರಿಸಿದ ಕೂಡಲೇ ಕಪಾಟಿನಿಂದ ಅದನ್ನು ತೆಗೆದುಕೊಟ್ಟರು, ಬಿಡಿಕಾಸೂ ಕೇಳಲಿಲ್ಲ.

2020ರಲ್ಲಿ ಸೇರಿದ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರ ನಾಣ್ಯಕ್ಕೆ ಈ ಆಲ್ಬಮಿನಲ್ಲಿ ಜಾಗವೇ ಇಲ್ಲ. ಅದನ್ನು ತರಿಸಿಕೊಡಲು ಅದೇ ಅಂಗಡಿಗೆ ಹೇಳಿದ್ದೇನೆ, ಡಬ್ಬಿಯಲ್ಲಿಟ್ಟೇ ಕೊಡಬೇಕೆಂದೂ ಕೇಳಿದ್ದೇನೆ.