ಮೊಟೆರಾ, ಚಿನ್ನಸ್ವಾಮಿ, ಚೆಪಾಕ್, ಕಂಠೀರವ: ಟಿಕೆಟ್ ದುಡ್ಡು ಎಲ್ಲಿ ದಕ್ಕುತ್ತದೆ?

ಆಟ ನೋಡೋಕೆ ಟಿವಿ ಸಾಕು ಅನ್ನುವವರ ಜೊತೆ ನನಗೆ ಜಗಳವಿಲ್ಲ. ಆಟ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಆದರೆ ಬ್ಯಾಟಿಗೆ ಚೆಂಡು ಬಡಿದ ಸದ್ದು, ಫೀಲ್ಡರ್ ಗೊಣಗಿದ್ದು, ಪಕ್ಕದವನ ಬೈಗುಳ ಇವೆಲ್ಲ ಬೇಕಾದರೆ ಮೈದಾನಕ್ಕೇ ಹೋಗಬೇಕು. ಅದಕ್ಕೆ ಆಟಗಾರ ಹತ್ತಿರ ಇರಬೇಕು. ಹಾಗಾಗಿ ಸ್ಟೇಡಿಯಂನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದು ನನಗೆ ಮುಖ್ಯವಲ್ಲ. ಕೂತ ಜಾಗದಿಂದ ಆಟ ಎಷ್ಟು ದೂರ, ಬಿಸಿಲು ಎಷ್ಟು, ಮುಗಿದ ಮೇಲೆ ಮನೆ ಸೇರುವುದು ಹೇಗೆ, ಇಷ್ಟೇ ನನ್ನ ಲೆಕ್ಕ.

ಈ ಲೆಕ್ಕದಲ್ಲಿ ಅಹಮದಾಬಾದ್‌ನ ಮೊಟೆರಾ ನನಗೆ ಕೊನೆಯದು. ಈಗ ಅದು ನರೇಂದ್ರ ಮೋದಿ ಸ್ಟೇಡಿಯಂ. 1,32,000 ಸೀಟು, ಜಗತ್ತಿನಲ್ಲೇ ದೊಡ್ಡ ಕ್ರಿಕೆಟ್ ಮೈದಾನ. ಕಟ್ಟಿದ ರೀತಿಗೆ ಕೈ ಮುಗಿಯಬೇಕು. ನೋಟಕ್ಕೆ ಅಡ್ಡ ಬರುವ ಕಂಬ ಒಂದೂ ಇಲ್ಲ. ಎತ್ತರದ ದೀಪದ ಗೋಪುರಗಳೂ ಇಲ್ಲ, ಚಾವಣಿಯ ಅಂಚಿನುದ್ದಕ್ಕೂ ಎಲ್‌ಇಡಿ ದೀಪಗಳ ಬಳೆ. ಮೇಲಿನ ಹಂತದಿಂದ ನೋಡಿದರೆ ಇಡೀ ಮೈದಾನ ಒಂದೇ ನೋಟಕ್ಕೆ ಸಿಗುತ್ತದೆ. ಫೀಲ್ಡಿಂಗ್ ಹೇಗೆ ಬದಲಾಗುತ್ತಿದೆ, ಕ್ಯಾಪ್ಟನ್ ಏನು ಯೋಚಿಸುತ್ತಿದ್ದಾನೆ ಎಂದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಚೆಂಡು? ಅದನ್ನು ಕಣ್ಣಿಗಿಂತ ಹೆಚ್ಚಾಗಿ ಊಹೆಯಲ್ಲಿ ಹಿಂಬಾಲಿಸಬೇಕು. ಸ್ವಲ್ಪ ಹೊತ್ತಿಗೆ ಕಣ್ಣು ತಾನಾಗಿ ದೊಡ್ಡ ಪರದೆಯ ಕಡೆ ಹೋಗುತ್ತದೆ. ಅಷ್ಟು ದೂರ ರೈಲು ಹತ್ತಿ ಹೋಗಿ ಮತ್ತೆ ಟಿವಿಯನ್ನೇ ನೋಡಿದ ಹಾಗಾಯಿತು, ಅಲ್ವಾ? 2025ರ ಜೂನ್ 3ರಂದು ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಎತ್ತಿದ್ದು ಇಲ್ಲೇ. ಆ ಒಂದು ಕಾರಣಕ್ಕೆ ಈ ಮೈದಾನದ ಮೇಲೆ ಜಾಸ್ತಿ ಸಿಟ್ಟು ಬರುವುದಿಲ್ಲ.

ನಮ್ಮ ಚಿನ್ನಸ್ವಾಮಿ ಪೂರ್ತಿ ಉಲ್ಟಾ. ಬೌಂಡರಿ ಚಿಕ್ಕದು, ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಚೆಂಡು ಹಾರುತ್ತದೆ. ಬೌಲರ್‌ಗಳಿಗೆ ಇದು ಶಾಪ. 2013ರಲ್ಲಿ ಗೇಲ್ ಔಟಾಗದೆ 175 ಹೊಡೆದದ್ದು ಇಲ್ಲಿ, 2024ರಲ್ಲಿ ಹೈದರಾಬಾದ್ ತಂಡ 287 ಪೇರಿಸಿದ್ದೂ ಇಲ್ಲೇ. ನೋಡುವವರಿಗೆ ಮಾತ್ರ ವರ. ಕೆಳಗಿನ ಸಾಲಿನಲ್ಲಿ ಕೂತರೆ ಬೌಂಡರಿ ಗೆರೆಯ ಫೀಲ್ಡರ್ ಬೆವರು ಒರೆಸಿಕೊಳ್ಳುವುದು ಕಾಣುತ್ತದೆ, ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಾನೆ.

ಇನ್ನೊಂದು ಹೆಚ್ಚುಗಾರಿಕೆ ನೆಲದ ಕೆಳಗಿದೆ. 2017ರಲ್ಲಿ ಇಲ್ಲಿ ಹುಲ್ಲಿನಡಿ ಪೈಪುಗಳ ಜಾಲ ಹಾಕಿ, ಮೆಷಿನ್‌ನಿಂದ ನೀರು ಎಳೆಯುವ ವ್ಯವಸ್ಥೆ ಮಾಡಿದರು. ಬೆಂಗಳೂರಿನ ಏಪ್ರಿಲ್-ಮೇ ಸಂಜೆಗಳ ಗುಡುಗು ಮಳೆ ಗೊತ್ತಲ್ಲ? ಬೇರೆ ಊರಲ್ಲಾದರೆ ಅಂಥ ಮಳೆ ಬಿದ್ದರೆ ಜನ ಚೀಲ ಎತ್ತಿಕೊಂಡು ಹೊರಡುತ್ತಾರೆ. ಇಲ್ಲಿ ಯಾರೂ ಜಾಗ ಬಿಟ್ಟು ಏಳುವುದಿಲ್ಲ. 2024ರ ಮೇ 18ರಂದು ಚೆನ್ನೈ ಎದುರಿನ ಪಂದ್ಯ ಮೂರು ಓವರ್ ಆದ ಮೇಲೆ ಮಳೆಗೆ ನಿಂತಿತು. ಆದರೂ ಒಂದು ಓವರ್ ಕೂಡ ಕಡಿಮೆಯಾಗದೆ ಪೂರ್ತಿ ಆಟ ನಡೆಯಿತು. ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್ ಸೇರಿತು.

ಚಿನ್ನಸ್ವಾಮಿಯ ಕಷ್ಟ ಇರುವುದು ಗೇಟಿನ ಆಚೆ. ಊರಿನ ನಟ್ಟನಡುವೆ ಇರುವುದರಿಂದ ಕಬ್ಬನ್ ಪಾರ್ಕ್ ಮೆಟ್ರೋ ಎರಡು ಹೆಜ್ಜೆ. ಅದೇ ಕಾರಣಕ್ಕೆ ಜನ ನಿಲ್ಲುವುದಕ್ಕೆ ಸುತ್ತಮುತ್ತ ಬಯಲಿಲ್ಲ, ರಸ್ತೆ ಮತ್ತು ಫುಟ್‌ಪಾತ್ ಅಷ್ಟೇ. ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಈ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದೇ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳೂ ಇಲ್ಲಿಂದ ನವಿ ಮುಂಬೈಗೆ ಹೋದವು. ಒಳಗೆ ಎಷ್ಟೇ ಚೆಂದ ಇರಲಿ, ಇದನ್ನು ಬಿಟ್ಟು ಈ ಮೈದಾನಕ್ಕೆ ಅಂಕ ಕೊಡೋಕೆ ಆಗುವುದಿಲ್ಲ.

ಹಾಗಾದರೆ ಕ್ರಿಕೆಟ್‌ಗೆ ನನ್ನ ಆಯ್ಕೆ? ಬೆಂಗಳೂರಿನವನಾಗಿ ಹೇಳಬಾರದು, ಆದರೂ ಚೆನ್ನೈನ ಚೆಪಾಕ್. ಸಮುದ್ರ ಪಕ್ಕದಲ್ಲೇ. ಸ್ಟ್ಯಾಂಡ್‌ಗಳ ನಡುವೆ ಸಂದು ಬಿಟ್ಟು ಕಟ್ಟಿದ್ದಾರೆ, ಮಧ್ಯಾಹ್ನ ಕಳೆದ ಮೇಲೆ ಕಡಲ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ಮೇಲೆ ಬಿಗಿದು ಕಟ್ಟಿದ ಬಿಳಿ ಹೊದಿಕೆಯ ಚಾವಣಿ. ಚೆನ್ನೈ ಸೆಕೆ ಸೆಕೆಯೇ, ಅದಕ್ಕೆ ಔಷಧಿ ಇಲ್ಲ. ಆದರೆ ಟೆಸ್ಟ್ ಪಂದ್ಯದ ದಿನ ಬೆಳಗ್ಗೆಯಿಂದ ಸಂಜೆವರೆಗೆ ಕೂರೋಕೆ ಆಗುತ್ತದೆ. ಎದುರಿನಲ್ಲೇ ಲೋಕಲ್ ರೈಲಿನ ಚೆಪಾಕ್ ನಿಲ್ದಾಣ. ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದರೆ ಹೊನಲು ಬೆಳಕಿನ ಪಂದ್ಯಕ್ಕೆ ಧಾರಾಳ ಸಮಯ, ದಾರಿಯಲ್ಲಿ ಒಂದು ನಿದ್ದೆಯೂ ಆಗುತ್ತದೆ.

ಅಲ್ಲಿನ ಜನರ ಬಗ್ಗೆಯೂ ಹೇಳಬೇಕು. 1999ರ ಟೆಸ್ಟ್‌ನಲ್ಲಿ ಪಾಕಿಸ್ತಾನ ಭಾರತದ ಎದುರು 12 ರನ್‌ಗಳಿಂದ ಗೆದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಅವರು. ನಮಗೂ ಈ ಮೈದಾನಕ್ಕೂ ಹಳೇ ಲೆಕ್ಕ ಇದೆ. 1934ರಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇಲ್ಲೇ. ನಮ್ಮ ಮೈಸೂರು ತಂಡ ಮದ್ರಾಸ್ ಎದುರು ಒಂದೇ ದಿನದಲ್ಲಿ ಇನಿಂಗ್ಸ್ ಸೋಲು ಕಂಡಿತು! ತೀರಿಸಿಕೊಂಡೆವು ಅನ್ನಿ. 2016ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಎದುರು ಒಂದೇ ಇನಿಂಗ್ಸ್‌ನಲ್ಲಿ ನಮ್ಮ ಕರ್ನಾಟಕದವರೇ ಆದ ರಾಹುಲ್ 199, ಕರುಣ್ ನಾಯರ್ ಔಟಾಗದೆ 303. ಐಪಿಎಲ್‌ನಲ್ಲಿ ಮಾತ್ರ ಜಾಸ್ತಿ ಕಾಯಬೇಕಾಯಿತು. 2008ರ ನಂತರ ಆರ್‌ಸಿಬಿ ಅಲ್ಲಿ ಮತ್ತೆ ಗೆದ್ದದ್ದು 2025ರಲ್ಲಿ. ಕೆಂಪು ಅಂಗಿ ಹಾಕಿಕೊಂಡು ಆ ಹಳದಿ ಸಮುದ್ರದ ನಡುವೆ ಕೂತರೆ ಚುಡಾಯಿಸುತ್ತಾರೆ, ಆಮೇಲೆ ಅವರೇ ಸುಂಡಲ್ ಹಂಚಿಕೊಳ್ಳುತ್ತಾರೆ.

ಕೋಲ್ಕತ್ತದ ಈಡನ್ ಗಾರ್ಡನ್ಸ್ ಬಗ್ಗೆ ಒಂದೇ ಮಾತು. ಸದ್ದಿಗೆ ಅದನ್ನು ಮೀರಿಸುವ ಜಾಗ ಈ ದೇಶದಲ್ಲಿಲ್ಲ. ಸದ್ದು ಬೇಡ ಅನ್ನುವವರು ಹೋಗಬೇಡಿ.

ಇನ್ನು ನಮ್ಮ ಬೆಂಗಳೂರಿನ ಕಂಠೀರವ. ಒಂದೇ ಆವರಣದಲ್ಲಿ ಹೊರಾಂಗಣ, ಒಳಾಂಗಣ ಎರಡೂ ಇವೆ. ಹೊರಗಿನದರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಫೈನಲ್‌ನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದೂ ಇಲ್ಲಿ. ಆದರೆ ಇದು ಮೂಲತಃ ಅಥ್ಲೆಟಿಕ್ಸ್ ಮೈದಾನ. ಸೀಟಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಗೋಲಿನ ಹಿಂದೆ ಕೂತವರಿಗಂತೂ ಆಚೆ ತುದಿಯಲ್ಲಿ ಏನಾಗುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಆ ಕೊರತೆಯನ್ನು ಬೆಂಗಳೂರು ಎಫ್‌ಸಿಯ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಹಾಡು, ಡೋಲಿನಲ್ಲಿ ತುಂಬುತ್ತಾರೆ. ಆಟ ನೋಡಬೇಕಾದರೆ ಉದ್ದದ ಬದಿಯಲ್ಲಿ ಮೇಲಿನ ಸಾಲು ಹಿಡಿಯಿರಿ, ಕುಣಿಯಬೇಕಾದರೆ ಅವರ ಜೊತೆ ಸೇರಿ.

ಪಕ್ಕದ ಒಳಾಂಗಣವೇ ನನ್ನ ಮೆಚ್ಚಿನ ಜಾಗ. ಸುಮಾರು 4,000 ಸೀಟು, ಅಷ್ಟೇ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ರೇಡರ್ ತೊಡೆ ತಟ್ಟಿದ್ದು, ಮೂವರು ಒಟ್ಟಿಗೆ ಬಿದ್ದು ಮ್ಯಾಟ್ ಧಡ್ ಅಂದದ್ದು ಎಲ್ಲ ಕೇಳುತ್ತದೆ. ನಮ್ಮ ಕಬಡ್ಡಿ ತಂಡ ಬೆಂಗಳೂರು ಬುಲ್ಸ್ ಇಲ್ಲಿ ಆಡುತ್ತಿದ್ದ ದಿನಗಳಲ್ಲಿ ಆ ಚಾವಣಿಯ ಕೆಳಗೆ ಎದ್ದ ಕೂಗು ಹೊರಗೆ ಹೋಗೋಕೆ ದಾರಿ ಸಿಗದೆ ನಮ್ಮ ಮೇಲೇ ಬೀಳುತ್ತಿತ್ತು. 2017ರಲ್ಲಿ ಇಲ್ಲಿ ನಡೆದ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಎರಡೇ ಅಂಕಗಳಿಂದ ಸೋಲಿಸಿತು. ಅಂಥ ಕೊನೆಯ ನಿಮಿಷಗಳಿಗೆ ಇಷ್ಟು ಚಿಕ್ಕ ಹಾಲೇ ಸರಿ. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ 1982ರ ಏಷ್ಯಾಡ್‌ಗೆ ಕಟ್ಟಿದ್ದು, ಇದರ ಮೂರು ಪಟ್ಟಿಗಿಂತ ಹೆಚ್ಚು ಜನ ಹಿಡಿಯುತ್ತದೆ. ಮೇಲಿನ ಸಾಲಿನಲ್ಲಿ ಕೂತರೆ ಮತ್ತೆ ಅದೇ ಮೊಟೆರಾ ಕತೆ.

ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವವರು ಕಂಠೀರವ ಒಳಾಂಗಣದಿಂದ ಶುರುಮಾಡಿ. ಕಬಡ್ಡಿ ಪಂದ್ಯ 40 ನಿಮಿಷದ ಆಟ, ಮಕ್ಕಳಿಗೆ ಬೇಜಾರಾಗುವಷ್ಟರಲ್ಲಿ ಮುಗಿದಿರುತ್ತದೆ. ಟೆಸ್ಟ್ ನೋಡೋಕೆ ಚೆಪಾಕ್. ಐಪಿಎಲ್‌ಗೆ ಚಿನ್ನಸ್ವಾಮಿ, ಆದರೆ ಆಟ ಮುಗಿದ ತಕ್ಷಣ ಏಳಬೇಡಿ, ಅರ್ಧ ಗಂಟೆ ಕೂತು ಜನ ಕರಗಿದ ಮೇಲೆ ಹೊರಡಿ. ಮೊಟೆರಾಕ್ಕೆ ನಾನು ಮತ್ತೆ ಹೋಗುವುದು ಆರ್‌ಸಿಬಿ ಫೈನಲ್ ಇದ್ದರೆ ಮಾತ್ರ. ಅದೂ ಕೆಳಗಿನ ಹಂತದ ಟಿಕೆಟ್ ಸಿಕ್ಕರೆ.