ಮಂಡಿಪೇಟೆಯ ಇಯರ್‌ಫೋನ್, ಮಂಗೋಲಿಯಾದ ಹಾಡು

ದಾವಣಗೆರೆ ಮಂಡಿಪೇಟೆಯಲ್ಲಿ 450 ರೂಪಾಯಿಗೆ ವೈರಿನ ಇಯರ್‌ಫೋನ್ ತಗೊಂಡೆ. ರಿಯಾಕ್ಷನ್ ವಿಡಿಯೋ (ಹಾಡು ಕೇಳುತ್ತಾ ತಮ್ಮ ಪ್ರತಿಕ್ರಿಯೆ ತೋರಿಸುವ ವಿಡಿಯೋ) ಹುಚ್ಚಿರುವ ಗೆಳೆಯರು ಹೇಳಿದ ಹಾಡುಗಳಿಗೆ ಅಂತಲೇ. ಆ ವಿಡಿಯೋಗಳಲ್ಲಿ ಹಾಡನ್ನು ನಡುನಡುವೆ ನಿಲ್ಲಿಸುತ್ತಾರೆ ಅಲ್ವಾ, ನನಗೆ ಪೂರ್ತಿ ಕೇಳಬೇಕಿತ್ತು.

ಮೊದಲು ಮಂಗೋಲಿಯಾದ 'ದಿ ಹೂ' ತಂಡ. ಗಂಟಲಿನ ಆಳದಿಂದ ಬರುವ ದನಿ, ಜೊತೆಗೆ ತುದಿಯಲ್ಲಿ ಕುದುರೆ ತಲೆ ಕೆತ್ತಿದ, ಎರಡೇ ತಂತಿಯ ಮೋರಿನ್ ಖೂರ್ ವಾದ್ಯ. ಮೊಬೈಲ್ ಸ್ಪೀಕರ್‌ನಲ್ಲಿ ಬರೀ ಗೊರಗೊರ ಅನ್ನುತ್ತಿತ್ತು. ಈ ಇಯರ್‌ಫೋನ್‌ನಲ್ಲಿ ಕಮಾನು ತಂತಿಗೆ ಉಜ್ಜುವುದೂ ಕೇಳಿಸಿತು. ಮೈ ಜುಮ್ಮೆಂದಿತು.

ಆಮೇಲೆ ಫಿನ್‌ಲ್ಯಾಂಡಿನ ಮೆಟಲ್ ತಂಡ ನೈಟ್‌ವಿಶ್, 2013ರಲ್ಲಿ ಜರ್ಮನಿಯ ವಾಕನ್ ಸಂಗೀತ ಉತ್ಸವದಲ್ಲಿ ಹಾಡಿದ್ದು. ಗಾಯಕಿ ಫ್ಲೋರ್ ಯಾನ್ಸೆನ್ ದನಿ ಎಷ್ಟು ಮೇಲೇರಿದರೂ ಒಡೆಯಲಿಲ್ಲ. ಡ್ರಮ್ ಜಾಸ್ತಿಯಾದಾಗ ಮಾತ್ರ ಕೀಬೋರ್ಡ್ ಮುಚ್ಚಿಹೋಗುತ್ತದೆ. ವೈರ್ ತೆಳು, ಜೇಬಿನಲ್ಲಿ ಮುದುರಿ ಇಡಬೇಡಿ.